ಅಪ್‌ಡೇಟ್: ಫೈರ್‌ವಾಲ್‌ನ ಒಂದೇ ಪೋರ್ಟಿನಲ್ಲಿ ಎರಡು ಸಬ್‌ನೆಟ್
ಶಿರಸಿಯ ನಮ್ಮ ಅಡಿಕೆ ವಖಾರಿಯಲ್ಲಿ ಕಚೇರಿಯ ಕಂಪ್ಯೂಟರುಗಳನ್ನೂ (192.168.10.0/24) ಸಿಸಿಟಿವಿ ಕ್ಯಾಮೆರಾಗಳನ್ನೂ (192.168.20.0/24) ಎರಡು ಬೇರೆ ಸಬ್‌ನೆಟ್‌ಗಳಾಗಿ (ವಿಳಾಸಗಳ ಗುಂಪುಗಳಾಗಿ), ಫೈರ್‌ವಾಲ್‌ನ (ಜಾಲದ ಸಂಚಾರವನ್ನು ಕಾಯುವ ಸಾಧನದ) ಒಂದೇ ಲ್ಯಾನ್ (ಒಳಜಾಲದ) ಪೋರ್ಟಿನಿಂದ ನಡೆಸುವುದು ಹೇಗೆಂದು ಕೇಳಿದ್ದೆ.

ಅದೇ ಪೋರ್ಟಿಗೆ ಎರಡನೆಯ ಐಪಿ ವಿಳಾಸ ಸೇರಿಸುವ ಸಲಹೆಯನ್ನು ಮೊದಲು ನೋಡಿದೆ. ಪಿಂಗ್ (ಸಂಪರ್ಕ ಪರೀಕ್ಷೆಗೆ ಉತ್ತರ) ಏನೋ ಬಂತು. ಆದರೆ ಎರಡೂ ಜಾಲಗಳು ಒಂದರಲ್ಲೊಂದು ಬೆರೆತೇ ಇದ್ದುದರಿಂದ ಹೊಸ ಕ್ಯಾಮೆರಾ ಡಿಎಚ್‌ಸಿಪಿಯಿಂದ (ವಿಳಾಸಗಳನ್ನು ತಾನಾಗಿ ಹಂಚುವ ವ್ಯವಸ್ಥೆಯಿಂದ) ಕಚೇರಿಯ ವಿಳಾಸವನ್ನೇ ಪಡೆಯುತ್ತಿತ್ತು, ಯಾರಾದರೂ ಕೈಯಾರೆ ಐಪಿ ಬದಲಿಸಿಕೊಂಡರೆ, ಎರಡು ಜಾಲಗಳ ನಡುವೆ ತಡೆಯುವ ನಿಯಮಕ್ಕೆ ಅರ್ಥವೂ ಉಳಿಯುತ್ತಿರಲಿಲ್ಲ. ಕೇಬಲ್ ಬದಲಿಸಿದ್ದರಿಂದ ಏನೂ ಆಗಲಿಲ್ಲ.

ಕೈಹಿಡಿದದ್ದು ವಿಲ್ಯಾನ್ (ಒಂದೇ ಸ್ವಿಚ್ಚು, ಕೇಬಲ್‌ಗಳ ಮೇಲೆ ಜಾಲಗಳನ್ನು ಸಂಖ್ಯೆ ಕೊಟ್ಟು ಬೇರ್ಪಡಿಸುವ ವಿಧಾನ) ಸಲಹೆ. ಅದನ್ನು ಕೊಟ್ಟ ಕುಮಟಾದವರಿಗೆ ಧನ್ಯವಾದಗಳು. ಸಾದಾ ಸ್ವಿಚ್ ತೆಗೆದು ಮ್ಯಾನೇಜ್ಡ್ ಸ್ವಿಚ್ (ಪ್ರತಿ ಪೋರ್ಟನ್ನೂ ಹೊಂದಿಸಬಹುದಾದ ಸ್ವಿಚ್) ಹಾಕಿ, ಫೈರ್‌ವಾಲ್ ಕಡೆಯ ಪೋರ್ಟನ್ನು ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಪೋರ್ಟ್) ಮಾಡಿ, ಕ್ಯಾಮೆರಾಗಳ ಪೋರ್ಟುಗಳನ್ನು ಟ್ಯಾಗ್ (ವಿಲ್ಯಾನ್ ಸಂಖ್ಯೆಯ ಗುರುತು) ಇಲ್ಲದೆ 20ನೇ ವಿಲ್ಯಾನ್‌ಗೆ ಸೇರಿಸಿ, ಫೈರ್‌ವಾಲ್‌ನಲ್ಲಿ ಅದೇ ಸಂಖ್ಯೆಯ ವಿಲ್ಯಾನ್ ಇಂಟರ್‌ಫೇಸಿಗೆ (ಆ ವಿಲ್ಯಾನ್‌ನ ಸಂಪರ್ಕಬಿಂದುವಿಗೆ) 192.168.20.1 ಕೊಟ್ಟೆ.

ಅಚ್ಚರಿಯೆಂದರೆ, ಇಷ್ಟಾದರೂ ಕ್ಯಾಮೆರಾಗಳ ರೆಕಾರ್ಡರ್ ಇಂಟರ್ನೆಟ್ಟಿಗೆ ಹೋಗಲಿಲ್ಲ. ಹೊಸ ಇಂಟರ್‌ಫೇಸಿನಲ್ಲಿ ಅನುಮತಿಯ ನಿಯಮ ಬರೆಯುವವರೆಗೆ ನಮ್ಮ ಫೈರ್‌ವಾಲ್ ಎಲ್ಲವನ್ನೂ ತಡೆಯುತ್ತದೆ. ಹೊರಹೋಗುವ ನ್ಯಾಟ್ (ಒಳಗಿನ ವಿಳಾಸವನ್ನು ಇಂಟರ್ನೆಟ್ಟಿನ ವಿಳಾಸಕ್ಕೆ ಬದಲಿಸುವ ಕ್ರಮ) ಪಟ್ಟಿಯಲ್ಲಿಯೂ ಹೊಸ ಸಬ್‌ನೆಟ್ ಬೇಕಿತ್ತು, ಅದನ್ನು ಯಾರೂ ಹೇಳಿರಲಿಲ್ಲ. ಈಗ ಕಚೇರಿಯಿಂದ ಕ್ಯಾಮೆರಾಗಳನ್ನು ನೋಡಬಹುದು, ಕ್ಯಾಮೆರಾಗಳ ಕಡೆಯಿಂದ ಕಚೇರಿಗೆ ದಾರಿಯಿಲ್ಲ.