ಜೆನ್ನಿ ನಮ್ಮಲ್ಲಿ ಯಾಕೆ ಹುಟ್ಟಲಿಲ್ಲ?

ಶಿಡ್ಲಘಟ್ಟದ ರೀಲರ್:
ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚೋದು ಅಪ್ಪನ ಕಾಲದಿಂದ ನಮ್ಮ ಕಸುಬು. ಮೊದಲು ಚರಕ, ಆಮೇಲೆ ಕಾಟೇಜ್ ಬೇಸಿನ್. ಕೂಲಿಗೆ ಜನ ಸಿಗೋವರೆಗೂ ಅಪ್ಪ ಮೆಷಿನ್ ಮಾತೇ ಎತ್ತಲಿಲ್ಲ. ಈಗ ಜನ ಇಲ್ಲ, ನಾನು ಆಟೋಮ್ಯಾಟಿಕ್ ಮೆಷಿನ್‌ಗೆ ಸಾಲ ಹುಡುಕ್ತಿದ್ದೀನಿ. ಮೊನ್ನೆ ಮಗಳ ಪಾಠ ಓದಿದೆ. 1733ರಲ್ಲಿ ಜಾನ್ ಕೇ ಹಾರುವ ಲಾಳಿ ಮಾಡಿದ, ಮಗ್ಗ ಜೋರಾಯ್ತು, ನೂಲು ಸಾಲದೆ ಬಂತು, 1760ರ ದಶಕದಲ್ಲಿ ಹಾರ್ಗ್ರೀವ್ಸ್ ಎಂಟು ಕದಿರಿನ ಜೆನ್ನಿ ಅನ್ನೋ ನೂಲುವ ಯಂತ್ರ ಕಟ್ಟಿದ. ನೂಲಿನ ಬರ ಅಂದ್ರೆ ಏನು ಅಂತ ನನಗೆ ಗೊತ್ತು. ಆದರೆ ನೂಲೋದ್ರಲ್ಲಿ ನಮ್ಮವರ ಕೈ ಯಾರಿಗೂ ಕಮ್ಮಿ ಇರಲಿಲ್ಲ. ಜೆನ್ನಿ ಇಲ್ಲಿ ಯಾಕೆ ಹುಟ್ಟಲಿಲ್ಲ? ಬುದ್ಧಿ ಸಾಲದೆ ಅಂದ್ರೆ ನಾನು ಒಪ್ಪಲ್ಲ.

ಚಿಂತಾಮಣಿ ಮೇಷ್ಟ್ರು:
ಅಣ್ಣಾ, ಉತ್ತರ ನಿಮ್ಮಪ್ಪನ ಲೆಕ್ಕದಲ್ಲೇ ಇದೆ. ಇಂಗ್ಲೆಂಡಿನಲ್ಲಿ ಕೂಲಿ ದುಬಾರಿ, ಕಲ್ಲಿದ್ದಲು ಅಗ್ಗ. ಯಂತ್ರಕ್ಕೆ ಹಾಕಿದ ದುಡ್ಡು ಅಲ್ಲಿ ವಾಪಸ್ ಬರ್ತಿತ್ತು, ಇಲ್ಲಿ ಬರ್ತಿರಲಿಲ್ಲ. ರಾಬರ್ಟ್ ಅಲೆನ್ ಅನ್ನೋ ಇತಿಹಾಸಕಾರರ ವಾದ ಇದು. ಒಪ್ಪದವರೂ ಇದ್ದಾರೆ, ನಾನು ಒಪ್ತೀನಿ.

ಇನ್ನೊಂದು, ದುಡ್ಡು ಹಾಕಿ ಕಾಯೋರು ಬೇಕು. ಉಗಿ ಎಂಜಿನ್ ಸುಧಾರಿಸಿದ ಜೇಮ್ಸ್ ವ್ಯಾಟ್‌ಗೆ ಪೇಟೆಂಟ್, ಅಂದ್ರೆ ಬೇರೆಯವರು ನಕಲು ಮಾಡದ ಹಾಗೆ ಹಕ್ಕು, ಸಿಕ್ಕಿದ್ದು 1769ರಲ್ಲಿ. ಬಂಡವಾಳ ಹಾಕಿದ್ದ ರೋಬಕ್ ದಿವಾಳಿಯಾದ. ಅವನ ಪಾಲು ಬರ್ಮಿಂಗ್‌ಹ್ಯಾಮಿನ ಬೌಲ್ಟನ್ ಕೈಗೆ ಬಂತು. 1775ರಲ್ಲಿ ಪಾರ್ಲಿಮೆಂಟು ಪೇಟೆಂಟನ್ನು 1800ರವರೆಗೆ ಎಳೆಯಿತು. ಇಂಗ್ಲೆಂಡಿನ ಮೂಲೆಯ ಕಾರ್ನ್‌ವಾಲ್‌ನ ತಾಮ್ರ, ತವರದ ಗಣಿಗಳಲ್ಲಿ ನೀರೆತ್ತೋ ಎಂಜಿನ್‌ಗಳಿಗೆ ಕಲ್ಲಿದ್ದಲು ಹಡಗಿನಲ್ಲಿ ಬರಬೇಕಿತ್ತು, ಹಾಗಾಗಿ ಅಲ್ಲಿ ದುಬಾರಿ. ವ್ಯಾಟ್, ಬೌಲ್ಟನ್ ಇಬ್ಬರೂ ಅಲ್ಲಿಗೆ ಹೋಗಿ, ಹಳೇ ನ್ಯೂಕಮೆನ್ ಉಗಿ ಎಂಜಿನ್‌ಗಿಂತ ಎಷ್ಟು ಕಲ್ಲಿದ್ದಲು ಉಳಿಯುತ್ತೋ ಅದರ ಬೆಲೆಯಲ್ಲಿ ಮೂರರಲ್ಲೊಂದು ಪಾಲು ನಮಗೆ ಕೊಡಿ ಅಂದ್ರು. ಎಂಥಾ ವ್ಯಾಪಾರದ ಬುದ್ಧಿ ನೋಡಿ!

ಚಾಂಪಿಯನ್ ರೀಫ್ ಮೊಮ್ಮಗ:
ಮೇಷ್ಟ್ರೇ, ಕೆಜಿಎಫ್ ಕಥೆಯೂ ಇದೇ. ನಮ್ಮ ತಾತ ಗಣೀಲಿದ್ದವರು. ಇಲ್ಲಿಗೂ ಕಲ್ಲಿದ್ದಲು ದೂರದಿಂದ ಬರಬೇಕಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ತಗೊಳ್ಳೋ ಗಿರಾಕಿ ಗಟ್ಟಿ ಇದ್ದದ್ದಕ್ಕೇ ಮೈಸೂರು ಸರ್ಕಾರ ಅಷ್ಟು ದುಡ್ಡು ಸುರಿಯೋ ಧೈರ್ಯ ಮಾಡಿದ್ದು.

ಗೌರಿಬಿದನೂರು ಫಿಟ್ಟರ್:
ಪೇಟೆಂಟನ್ನ ತುಂಬಾ ಹೊಗಳಬೇಡಿ. ಹಾರ್ನ್‌ಬ್ಲೋವರ್ ಅನ್ನೋ ಎಂಜಿನಿಯರ್ ಎರಡು ಸಿಲಿಂಡರಿನ ಎಂಜಿನ್ ಮಾಡಿದ್ದ, ವ್ಯಾಟ್‌ನ ಅದೇ ಪೇಟೆಂಟು ಅವನಿಗೆ ಅಡ್ಡ ಬಂತು. ಕೈಕೆಲಸ ಬಲ್ಲವನಿಗೆ ಅದು ಎಂಥಾ ನೋವು!

ಶಿಡ್ಲಘಟ್ಟದ ರೀಲರ್:
ಮೇಷ್ಟ್ರೇ, ಆ ಮೂರರಲ್ಲೊಂದು ಪಾಲಿನ ಮಾತು ತಲೇಲಿ ಕೂತುಬಿಟ್ಟಿದೆ. ಸೋಮವಾರ ಮೆಷಿನ್ ಮಾರೋರು ಬರ್ತಾರೆ. ಪೂರ್ತಿ ದುಡ್ಡು ಈಗಲೇ ಬೇಡ, ಉಳಿಯೋ ಕೂಲಿಯಲ್ಲಿ ಪಾಲು ತಗೊಳ್ತೀರಾ ಅಂತ ಕೇಳ್ತೀನಿ.