ಬ್ಲಾಕ್ ಅಂದರು, ಆದರೆ ರಕ್ತನಾಳ ಸರಿ ಇವೆಯಂತೆ!

ಪ್ರಶ್ನೆ (ಇಂಡಿ):
ಅವ್ವನಿಗೆ 68. ಗಿರಣಿಯಲ್ಲಿ ಜೋಳ ಸುರಿಯುತ್ತಿದ್ದವಳು ಕಣ್ಣು ಕತ್ತಲೆ ಬಂದು ಕುಸಿದಳು. ಬಿಸಿಲು ಅಂದುಕೊಂಡು ಮಜ್ಜಿಗೆ ಕೊಟ್ಟೆವು. ವಿಜಯಪುರದಲ್ಲಿ ಇಸಿಜಿ ಸರಿಯಾಗೇ ಬಂತು. ಆಮೇಲೆ ಎದೆಗೆ ಪಟ್ಟಿ ಅಂಟಿಸಿ, ಸೊಂಟಕ್ಕೆ ಬಡಿತ ದಾಖಲಿಸುವ ಹೋಲ್ಟರ್ ಡಬ್ಬಿ ಕಟ್ಟಿ 24 ತಾಸು ಮನೆಗೆ ಕಳಿಸಿದರು. ಅದರಲ್ಲಿ ಬಡಿತ 32ಕ್ಕೆ ಇಳಿದಿದೆ, ಒಮ್ಮೆ 4 ಸೆಕೆಂಡ್ ನಿಂತೇ ಇದೆ. ಪೇಸ್‌ಮೇಕರ್ ಬೇಕಂತೆ. ಇದ್ಯಾವ ಬ್ಲಾಕ್? ಗಿರಣಿಗೆ ಹೋಗಬಹುದಾ?

ಉತ್ತರ (ಬೆಳಗಾವಿ, ಇಸಿಜಿ ತೆಗೆಯುವವನು):
ಇದು ರಕ್ತನಾಳದ ತೊಂದರೆ ಅಲ್ಲ ರೀ, ಕರೆಂಟಿಂದು. ಹೃದಯಕ್ಕೆ ನಾಲ್ಕು ಕೋಣೆ. ಬಲಗಡೆ ಮೇಲಿನ ಕೋಣೆಯ ಗೋಡೆಯಲ್ಲಿ ಸಣ್ಣ ಗಂಟಿದೆ. ಮಿಡಿತ ಅಲ್ಲೇ ಹುಟ್ಟುತ್ತದೆ, ಸುಮ್ನೆ ಕೂತಾಗ ನಿಮಿಷಕ್ಕೆ 60ರಿಂದ 100. ಅದು ನಡುವಿನ ಇನ್ನೊಂದು ಗಂಟು ದಾಟಿ ಕೆಳಗಿನ ಕೋಣೆಗಳಿಗೆ ಇಳಿಯಬೇಕು. ಆ ದಾರಿ ಕಟ್ಟಾದರೆ ಅದೂ ಬ್ಲಾಕೇ. ಇಸಿಜಿ ಹಿಡಿಯುವುದು ಬರೀ ಹತ್ತು ಸೆಕೆಂಡ್, ಅಷ್ಟರಲ್ಲಿ ಸಿಗಬೇಕಲ್ವಾ? ಪೇಸ್‌ಮೇಕರ್ ಕಾಯುತ್ತಾ ಕೂರುತ್ತದೆ. ಬಡಿತ ತಪ್ಪಿದಾಗ ಮಾತ್ರ ವೈರಿನಿಂದ ಒಂದು ಚಿಟಿಕೆ ಕರೆಂಟು ಕೊಡುತ್ತದೆ.

ಉತ್ತರ (ಬಾಗಲಕೋಟೆ):
ನಮ್ಮಪ್ಪನಿಗೆ ಹಾಕಿಸಿ ಆರು ವರ್ಷ. ಕಾಲರ್ ಎಲುಬಿನ ಕೆಳಗೆ, ಚರ್ಮದಡಿ, ಬೆಂಕಿಪೊಟ್ಟಣದಷ್ಟು ಉಬ್ಬು. ಮೊದಲ ಕೆಲವು ವಾರ ಆ ಕೈ ಭುಜದ ಮೇಲೆ ಎತ್ತಬಾರದು ಅಂದಿದ್ದರು. ಅಪ್ಪ ಕೇಳಲಿಲ್ಲ, ರುಮಾಲು ತಾನೇ ಸುತ್ತಿಕೊಳ್ಳಬೇಕು! ಮೊಬೈಲ್ ಆ ಕಡೆಯ ಜೇಬಿನಲ್ಲಿ ಬೇಡ. ಮಿಕ್ಸರ್, ಟಿವಿಗೆ ಏನೂ ಆಗಲ್ಲ. ಗಿರಣಿ ಮೋಟಾರಿಗೆ ಎಷ್ಟು ದೂರ ಇರಬೇಕು ಅಂತ ಡಾಕ್ಟರನ್ನೇ ಕೇಳಿ.

ಪ್ರಶ್ನೆ ಕೇಳಿದವನು:
ಅವ್ವನಿಗೆ ಓದಿ ಹೇಳಿದೆ. "ಹಂಗಾದ್ರ ಗಿರಣಿ ಪಟ್ಟಾ ನೀ ಹಾಕು, ರೊಕ್ಕ ನಾ ಎಣಸ್ತೀನಿ" ಅಂದಳು.