ಪದಚರ್ಚೆ: ಗೆಲಾಕ್ಸಿಯ ಬೆಳಕಿನ ಏರಿಳಿತಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಸಕ್ರಿಯ ಗೆಲಾಕ್ಸಿಗಳ ಬಗ್ಗೆ ಪಿಯು ಮಕ್ಕಳಿಗೆಂದು ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ಸಲಹೆ ಬೇಕು.

ಮೊದಲು ವಿಷಯ ಹೇಳಿಬಿಡುತ್ತೇನೆ. ಎನ್‌ಜಿಸಿ 5548 ಎಂಬ ಗೆಲಾಕ್ಸಿಯ ನಡುವೆ ಭಾರೀ ಕಪ್ಪುಕುಳಿ ಇದೆ. ಅದರೊಳಗೆ ಬೀಳುವ ಅನಿಲ ಕಾದು ಹೊಳೆಯುತ್ತದೆ. ಆ ಹೊಳಪು ಒಂದೇ ಸಮ ಇರುವುದಿಲ್ಲ. 1988ರ ಕೊನೆಯಿಂದ ಸುಮಾರು 13 ವರ್ಷ ಹಲವು ದೇಶಗಳ ವಿಜ್ಞಾನಿಗಳು ಸೇರಿ ಇದರ ರೋಹಿತವನ್ನು, ಅಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ನಕ್ಷೆಯನ್ನು (ಸ್ಪೆಕ್ಟ್ರಮ್), ಮತ್ತೆ ಮತ್ತೆ ತೆಗೆದರು. ಹೀಗೆ ಸಿಕ್ಕ ರೋಹಿತಗಳನ್ನು ಒಟ್ಟಿಗಿಟ್ಟು ಪ್ರತಿ ತರಂಗಾಂತರಕ್ಕೂ ಎರಡು ಲೆಕ್ಕ ಹಾಕುತ್ತಾರೆ. ಒಂದು, ಸರಾಸರಿ. ಇನ್ನೊಂದು, ಬೆಳಕು ಆ ಸರಾಸರಿಯಿಂದ ಎಷ್ಟು ಮೇಲೆ ಕೆಳಗೆ ಆಗಿದೆ ಅನ್ನುವುದು. ಈ ಎರಡನೆಯ ಲೆಕ್ಕದಿಂದ ಬರೆದ ರೋಹಿತಕ್ಕೇ ನನಗೆ ಹೆಸರು ಬೇಕಾಗಿರುವುದು.

ಅದರ ಚೆಂದ ನೋಡಿ. ಸರಾಸರಿ ರೋಹಿತದಲ್ಲಿ 500.7 ನ್ಯಾನೊಮೀಟರ್‌ನ ಆಮ್ಲಜನಕದ ರೇಖೆ (ಆ ಅನಿಲ ಒಂದು ತರಂಗಾಂತರದಲ್ಲಿ ಸೂಸುವ ಬೆಳಕು) ಗೋಪುರದ ಹಾಗೆ ಎದ್ದು ಕಾಣುತ್ತದೆ. ಎರಡನೆಯದರಲ್ಲಿ ಅದು ಹೆಚ್ಚುಕಡಿಮೆ ಮಾಯ! ಆ ರೇಖೆಯನ್ನು ಕೊಡುವ ಅನಿಲ ಜ್ಯೋತಿರ್ವರ್ಷಗಳಷ್ಟು ಅಗಲಕ್ಕೆ ಹರಡಿದೆ, ಕೆಲವು ತಿಂಗಳಲ್ಲಿ ಬದಲಾಗುವುದಿಲ್ಲ. ಪಕ್ಕದ 486.1ರ ಹೈಡ್ರೋಜನ್ ರೇಖೆಯ ಅಗಲವಾದ ಭಾಗ ಮಾತ್ರ ಉಳಿಯುತ್ತದೆ. ಅದರ ಅನಿಲ ಕಪ್ಪುಕುಳಿಗೆ ತೀರಾ ಹತ್ತಿರ, ಬೆಳಕು ಕೆಲವೇ ದಿನಗಳಲ್ಲಿ ಅಥವಾ ವಾರಗಳಲ್ಲಿ ದಾಟುವಷ್ಟು. ಕಪ್ಪುಕುಳಿಯ ತೂಕ ಅಂದಾಜಿಸಲು ಈ ಉಳಿದ ರೇಖೆಯ ಅಗಲವನ್ನೇ ಅಳೆಯುತ್ತಾರೆ.

ಶಾಲೆಯ ಗಣಿತದಲ್ಲಿ ‘ಮಾನಕ ವಿಚಲನೆ’ ಇದೆ. ಲೆಕ್ಕವೂ ಅದೇ. ಆದರೆ ‘ಮಾನಕ ವಿಚಲನೆ ರೋಹಿತ’ ಅಂದರೆ ಓದುವವರಿಗೆ ಅಳತೆಯ ದೋಷ ಅನ್ನಿಸುತ್ತದೆ, ಅಲ್ವಾ? ಇಲ್ಲಿ ಬದಲಾಗಿರುವುದು ಗೆಲಾಕ್ಸಿಯೇ. ಹೊಳಪು ಬದಲಾಗುವ ನಕ್ಷತ್ರಕ್ಕೆ ಹೇಳುವ ‘ಚರ ನಕ್ಷತ್ರ’ದಂತೆ ‘ಚರ ರೋಹಿತ’ ಅನ್ನೋಣ ಅಂದರೆ, ರೋಹಿತ ಪೂರ್ತಿ ಬದಲಾಗುತ್ತದೆ ಅನ್ನುವ ಅರ್ಥ ಬರುತ್ತದೆ. ನನಗೆ ಹಿಡಿಸಿದ್ದು ‘ಏರಿಳಿತದ ರೋಹಿತ’.

ಒಂದು ತೊಡಕು ಉಳಿದಿದೆ. ಉಪಕರಣದ ಗದ್ದಲವೂ (ನಾಯ್ಸ್, ಅಂದರೆ ಅಳತೆಯಲ್ಲೇ ಆಗುವ ಹೆಚ್ಚುಕಡಿಮೆ) ಇದೇ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ, ಅದನ್ನು ಅಂದಾಜು ಮಾಡಿ ಕಳೆಯಬೇಕು. ಹಾಗಾಗಿ ಗೆಲಾಕ್ಸಿಯದ್ದಕ್ಕೆ ‘ಏರಿಳಿತ’, ಅಳತೆಯದ್ದಕ್ಕೆ ‘ಏರುಪೇರು’ ಎಂದು ಬೇರೆ ಮಾಡಬಹುದಾ? ಎರಡೂ ಒಂದೇ ಥರ ಕೇಳಿಸಿ ಮಕ್ಕಳಿಗೆ ಗೊಂದಲ ಜಾಸ್ತಿ ಆಗುತ್ತದಾ? ಸಂಖ್ಯಾಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಮಾಡುವವರು ಇಲ್ಲಿದ್ದರೆ, ತರಗತಿಯಲ್ಲಿ ನೀವು ಯಾವ ಮಾತು ಬಳಸುತ್ತೀರಿ, ದಯವಿಟ್ಟು ತಿಳಿಸಿ.